ವಿಮಾನದಲ್ಲಿ ಒಂದೇ ಗಂಟೆಯಂತೆ!

ಮೊನ್ನೆ ತಿರುವನಂತಪುರದ ಕಚೇರಿಯೊಂದಕ್ಕೆ ಫೋನು ಮಾಡಿದ್ದೆ. ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯೊಬ್ಬಳ ಸರ್ಟಿಫಿಕೇಟಿನಲ್ಲಿ ಹೆಸರು ತಪ್ಪಾಗಿತ್ತು. ತಂದೆಯೇ ಖುದ್ದಾಗಿ ಬೆಳಗ್ಗೆ 10 ಗಂಟೆಗೆ ಬರಬೇಕಂತೆ. "ಕಾಸರಗೋಡಿನಿಂದ ಬರಬೇಕಲ್ಲ ಸಾರ್" ಎಂದೆ. "ವಿಮಾನದಲ್ಲಿ ಒಂದು ಗಂಟೆ ತಾನೆ?" ಎಂಬ ಉತ್ತರ ಬಂತು.

ಯಾವ ವಿಮಾನ ಸ್ವಾಮೀ? ಎಲ್ಲಿಂದ ಹತ್ತುವುದು?

ಭೂಪಟದ ಮೇಲೆ ಸ್ಕೇಲು ಇಟ್ಟರೆ ಕಾಸರಗೋಡಿನಿಂದ ತಿರುವನಂತಪುರಕ್ಕೆ ಸುಮಾರು 490 ಕಿ.ಮೀ. (ಬೆಂಗಳೂರು 290! ಅದು ಬೇರೆ ಕಥೆ.) ಗಂಟೆಗೆ 800 ಕಿ.ಮೀ. ವೇಗವೆಂದರೆ 37 ನಿಮಿಷ. ಏಳನೇ ಕ್ಲಾಸಿನ ಲೆಕ್ಕ, ಫುಲ್ ಮಾರ್ಕು. ಆದರೆ ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲವಲ್ಲ! ದಕ್ಷಿಣಕ್ಕೆ ಹೋಗಬೇಕಾದವನು ಮೊದಲು ಉತ್ತರಕ್ಕೆ, ರಾಜ್ಯದ ಗಡಿಯನ್ನೇ ದಾಟಿ ಮಂಗಳೂರಿಗೆ ಹೋಗಬೇಕು. ಅಲ್ಲಿಂದ ಲೆಕ್ಕ ಹಾಕಿದರೆ ದೂರ 540 ಕಿ.ಮೀ. ಆಗುತ್ತದೆ. ಇಲ್ಲವೇ 2018ರ ಡಿಸೆಂಬರಿನಲ್ಲಿ ಶುರುವಾದ ಕಣ್ಣೂರು ನಿಲ್ದಾಣಕ್ಕೆ ಹೋಗಬೇಕು. ಅದಿರುವುದು ಮಟ್ಟನ್ನೂರಿನಲ್ಲಿ, ನಮ್ಮಿಂದ ನೂರು ಕಿ.ಮೀ. ಮೇಲೆ. ಬಸ್ಸು ಬದಲಾಯಿಸಿ ಹೋಗಲು ಮೂರು ಗಂಟೆಯಾದರೂ ಬೇಕು.

ಕಣ್ಣೂರಿನಿಂದ ನೇರ ವಿಮಾನವೇ ಸಿಕ್ಕಿತು ಎಂದಿಟ್ಟುಕೊಳ್ಳಿ. ಆಕಾಶದಲ್ಲಿ ಸುಮಾರು 410 ಕಿ.ಮೀ. ಅರ್ಧ ಗಂಟೆ ಸಾಕಲ್ಲ ಎನ್ನಬೇಡಿ. ಮೇಲೇರುವಾಗಲೂ ಇಳಿಯುವಾಗಲೂ ಆ 800ರ ವೇಗ ಇರುವುದಿಲ್ಲ. ವೇಳಾಪಟ್ಟಿಯ ಸಮಯ ವಿಮಾನ ನಿಂತ ಜಾಗ ಬಿಡುವಲ್ಲಿಂದ ಮತ್ತೆ ನಿಲ್ಲುವವರೆಗಿನದು, ರನ್‌ವೇವರೆಗೆ ತೆವಳುವುದೂ ಅದರಲ್ಲೇ ಸೇರಿದೆ. ಹೀಗಾಗಿ ಒಂದು ಗಂಟೆ. ನಿಲ್ದಾಣಕ್ಕೆ ಒಂದೂವರೆ ಗಂಟೆ ಮುಂಚೆ ಹೋಗಬೇಕು, ಇಳಿದ ಮೇಲೆ ಹೊರಗೆ ಬಂದು ಕಚೇರಿ ಹುಡುಕಲು ಇನ್ನೊಂದು ಗಂಟೆ. ಒಟ್ಟು ಆರೂವರೆ! 2023ರ ಏಪ್ರಿಲಿನಲ್ಲಿ ಶುರುವಾದ ವಂದೇ ಭಾರತ್ ರೈಲಿಗೇ ಕಾಸರಗೋಡಿನಿಂದ ಸುಮಾರು ಎಂಟು ಗಂಟೆ. ಉಳಿದ ಆ ಒಂದೂವರೆ ಗಂಟೆಗೆ ಎಷ್ಟು ದಿನದ ಕೂಲಿ ಸುರಿಯಬೇಕು? ಆ ತಂದೆ ಅಡಿಕೆ ಸುಲಿಯಲು ಹೋಗುವವರು. 10 ಗಂಟೆಗೆ ಅಲ್ಲಿ ನಿಲ್ಲಬೇಕಾದರೆ ಮನೆಯಿಂದ ನಡುರಾತ್ರಿ ಮೂರಕ್ಕೇ ಹೊರಡಬೇಕು. ಆ ಹೊತ್ತಿಗೆ ನಮ್ಮ ಕಡೆ ಬಸ್ಸು ಯಾವುದಿದೆ?

"ಒಂದು ಗಂಟೆ" ಎನ್ನುವವರಿಗೆ ಕಾರು ಇರುತ್ತದೆ, ಟಿಕೆಟಿನ ಹಣ ಇಲಾಖೆ ಕೊಡುತ್ತದೆ. ಅವರ ಗಡಿಯಾರ ವಿಮಾನದೊಳಗೆ ಕೂತ ಮೇಲೆ ಶುರುವಾಗುತ್ತದೆ. ನಮ್ಮದು ಮನೆ ಮೆಟ್ಟಿಲಿಳಿದಾಗಲೇ ಶುರು. ಒಂದು ಅಕ್ಷರ ತಿದ್ದುವ ಕೆಲಸವನ್ನು ವಿದ್ಯಾನಗರದ ನಮ್ಮ ಸಿವಿಲ್ ಸ್ಟೇಷನ್ನಿನಲ್ಲೇ ಮಾಡಿಕೊಡಿ. 1984ರಲ್ಲಿ ಜಿಲ್ಲೆ ಮಾಡಿದ್ದು ಮತ್ಯಾತಕ್ಕೆ?

ತಂದೆ ಮಾವೇಲಿ ರೈಲಿನಲ್ಲಿ ಹೋಗಿ ಬಂದರು. ಎರಡು ರಾತ್ರಿ, ಎರಡು ದಿನದ ಕೆಲಸ ಹೋಯಿತು. "ಇನ್ನೊಂದು ಕಾಗದ ಬೇಕಂತೆ ಮಾಷ್ಟ್ರೇ" ಎಂದು ನಿನ್ನೆ ಶಾಲೆಗೆ ಬಂದಿದ್ದರು.