ಸಿಕ್ಕ ಸೀಟು ಬಿಟ್ಟು ಹೊರಡುವ ಮುನ್ನ

ಜೆ.ಜೆ. ವಾಟ್ ಅವರ ಕಥೆಯನ್ನು ಸ್ಫೂರ್ತಿಯ ಕಥೆಯಾಗಿ ನಾಲ್ಕೇ ಸಾಲಿನಲ್ಲಿ ಹೇಳಿಬಿಡಬಹುದು. ಅಮೆರಿಕದ ಹುಡುಗನೊಬ್ಬ ಕೈಯಲ್ಲಿದ್ದ ಕಾಲೇಜು ವಿದ್ಯಾರ್ಥಿವೇತನವನ್ನು ಬಿಟ್ಟ. ಮನೆಮನೆಗೆ ಪಿಜ್ಜಾ ತಲುಪಿಸಿದ. ಹಗಲಿರುಳು ಕಸರತ್ತು ಮಾಡಿದ. ಕೊನೆಗೆ ಅಮೆರಿಕನ್ ಫುಟ್‌ಬಾಲ್‌ನ ಅತಿ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿಯನ್ನು ಮೂರು ಸಲ ಗೆದ್ದ.

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದು ಮುಗಿಸಿ ಕೆಲಸ ಹುಡುಕುತ್ತಿರುವ, ಸಿಕ್ಕ ಕೆಲಸ ಬಿಡಲೋ ಬೇಡವೋ ಎಂದು ತೂಗಿ ನೋಡುತ್ತಿರುವ ನಮ್ಮಂಥವರಿಗೆ ಬೇಕಾದ ಪಾಠ ಆ ನಾಲ್ಕು ಸಾಲುಗಳ ನಡುವೆ ಬಿಟ್ಟುಹೋಗಿದೆ. ಅದನ್ನು ಓದದೆ ಬರೀ ‘ಧೈರ್ಯ ಮಾಡು, ಗೆಲ್ಲುತ್ತೀಯ’ ಎಂದು ಹೇಳಿಕೊಳ್ಳುವುದು ಅಪಾಯಕಾರಿ.

ಮೊದಲು ಆಟದ ಬಗ್ಗೆ ಎರಡು ಮಾತು. ಇದು ನಾವು ಕಾಲಿನಲ್ಲಿ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಒಂದೊಂದು ಕಡೆ 11 ಮಂದಿ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಸಾಗಬೇಕು. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನನ್ನು ಕಾಯಲು ಮುಂದೆ ಐವರು ದೈತ್ಯರ ಸಾಲು. ಒಬ್ಬೊಬ್ಬರ ತೂಕ 300 ಪೌಂಡ್, ಅಂದರೆ ಸುಮಾರು 136 ಕಿಲೊ. ಈ ಗೋಡೆಯನ್ನು ಎದುರಿನಿಂದ ಭೇದಿಸಿ ನುಗ್ಗಬೇಕಾದವನು ಡಿಫೆನ್ಸಿವ್ ಲೈನ್‌ಮನ್. ಚೆಂಡು ಕೈಬಿಡುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಅವನ ಸಾಲಿನ ಹಿಂದೆಯೇ ಕೆಡವಿದರೆ ಅದು ‘ಸ್ಯಾಕ್’. ಹೆಚ್ಚಿನ ಸಲ ಅವನು ಕ್ವಾರ್ಟರ್‌ಬ್ಯಾಕ್‌ವರೆಗೆ ತಲುಪುವುದೇ ಇಲ್ಲ. ಗುದ್ದಾಡುತ್ತಾನೆ, ನೂಕಿಸಿಕೊಳ್ಳುತ್ತಾನೆ, ಎದ್ದು ಮತ್ತೆ ನೆಲಕ್ಕೆ ಕೈಯೂರಿ ನಿಲ್ಲುತ್ತಾನೆ. ಹೆಸರು ಬರುವುದು ಚೆಂಡು ಹಿಡಿದು ಓಡುವವರಿಗೆ. ಸವೆಯುವುದು ಇವನ ಮೈ.

ವಾಟ್ ಹುಟ್ಟಿದ್ದು 1989ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ವಾಕೆಶಾದಲ್ಲಿ. ತಂದೆ ಅಗ್ನಿಶಾಮಕ ದಳದಲ್ಲಿದ್ದರು. ಚಿಕ್ಕಂದಿನಲ್ಲಿ ಐಸ್ ಹಾಕಿಯ ಹುಚ್ಚು. ಪಿವಾಕೀ ಹೈಸ್ಕೂಲಿನಲ್ಲಿ ಫುಟ್‌ಬಾಲ್ ಜೊತೆಗೆ ಗುಂಡು ಎಸೆತದಲ್ಲೂ ಮುಂದಿದ್ದರು. ಅಮೆರಿಕದಲ್ಲಿ ಹೈಸ್ಕೂಲು ಆಟಗಾರರಿಗೆ ಐದು ನಕ್ಷತ್ರದವರೆಗೆ ಅಂಕ ಕೊಡುವ ಪದ್ಧತಿ ಇದೆ. ದೊಡ್ಡ ವಿಶ್ವವಿದ್ಯಾಲಯಗಳ ಕೋಚ್‌ಗಳು ನಾಲ್ಕು, ಐದು ನಕ್ಷತ್ರದ ಹುಡುಗರ ಹಿಂದೆ ಬೀಳುತ್ತಾರೆ. ವಾಟ್‌ಗೆ ಸಿಕ್ಕಿದ್ದು ಎರಡು. ಪಕ್ಕದ ರಾಜ್ಯದ, ಅಷ್ಟೇನೂ ದೊಡ್ಡ ಹೆಸರಿಲ್ಲದ ಸೆಂಟ್ರಲ್ ಮಿಷಿಗನ್ ವಿಶ್ವವಿದ್ಯಾಲಯ ವಿದ್ಯಾರ್ಥಿವೇತನ ಕೊಟ್ಟಿತು. 2007ರಲ್ಲಿ ಅಲ್ಲಿ ಸೇರಿದರು. ಆಗ ಅವರ ಸ್ಥಾನ ಟೈಟ್ ಎಂಡ್, ಅಂದರೆ ದಾಳಿಯ ಕಡೆಯಲ್ಲಿ ಚೆಂಡು ಹಿಡಿಯುವ ಕೆಲಸ. ಇಡೀ ಋತುವಿನಲ್ಲಿ ಹಿಡಿದದ್ದು ಎಂಟೇ ಎಂಟು ಚೆಂಡು. ಗಳಿಸಿದ್ದು 77 ಗಜ. ಕೋಚ್‌ಗಳು ಅವರನ್ನು ದಾಳಿ ಸಾಲಿನ ಗೋಡೆಗೆ ಕಳಿಸುವ ಯೋಚನೆಯಲ್ಲಿದ್ದರು.

ವಾಟ್ ಅಲ್ಲಿಂದ ಹೊರಟರು. ಸೇರಲು ಹೊರಟದ್ದು ತಮ್ಮದೇ ರಾಜ್ಯದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ, ಅದೂ ‘ವಾಕ್-ಆನ್’ ಆಗಿ. ಹಾಗೆಂದರೆ ತಂಡದಲ್ಲಿ ಅಭ್ಯಾಸ ಮಾಡಬಹುದು, ಆದರೆ ವಿದ್ಯಾರ್ಥಿವೇತನವಿಲ್ಲ. ಶುಲ್ಕ ಕೈಯಿಂದ ಕಟ್ಟಬೇಕು. ಪಂದ್ಯ ಆಡಿಸುತ್ತೇವೆ ಎಂಬ ಭರವಸೆಯೂ ಇಲ್ಲ. ನಡುವಿನ ತಿಂಗಳುಗಳಲ್ಲಿ ಊರಿಗೆ ಮರಳಿ ಪಿಜ್ಜಾ ತಲುಪಿಸುವ ಕೆಲಸ ಮಾಡಿದರು. ಹೈಸ್ಕೂಲಿನಲ್ಲಿ ಹೆಸರು ಮಾಡಿದ್ದ ಅದೇ ಊರಿನಲ್ಲಿ ಬಾಗಿಲು ತಟ್ಟುವ ಕೆಲಸ. ಪರೀಕ್ಷೆ ಕೈಕೊಟ್ಟು ಊರಿಗೆ ಮರಳಿ, ‘ಈಗ ಏನು ಮಾಡ್ತಾ ಇದ್ದೀಯಪ್ಪಾ?’ ಎಂಬ ಪ್ರಶ್ನೆ ಕೇಳಿಸಿಕೊಂಡವರಿಗೆ ಅದರ ಭಾರ ಬಿಡಿಸಿ ಹೇಳಬೇಕಿಲ್ಲ.

ಅಂದಿನ ನಿಯಮದಂತೆ ಒಂದು ದೊಡ್ಡ ಕಾಲೇಜಿನಿಂದ ಇನ್ನೊಂದಕ್ಕೆ ಹೋದವರು ಒಂದು ವರ್ಷ ಪಂದ್ಯ ಆಡುವಂತಿರಲಿಲ್ಲ. ಹಾಗಾಗಿ 2008 ಪೂರ್ತಿ ಅವರು ‘ಸ್ಕೌಟ್ ಟೀಮ್’ನಲ್ಲಿ ಕಳೆದರು. ಮುಂದಿನ ಎದುರಾಳಿಯ ಆಟವನ್ನು ಅನುಕರಿಸಿ ಮುಖ್ಯ ತಂಡಕ್ಕೆ ಅಭ್ಯಾಸ ಕೊಡುವ ತಂಡ ಅದು. ಪ್ರೇಕ್ಷಕರಿಲ್ಲ, ಚಪ್ಪಾಳೆ ಇಲ್ಲ. ಆದರೆ ಎದುರು ನಿಲ್ಲುವವರು ದೇಶದ ಬಲಿಷ್ಠ ಆಟಗಾರರು, ಮತ್ತು ನೋಡುವವರು ಅದೇ ಕೋಚ್‌ಗಳು. ರಕ್ಷಣಾ ಸಾಲಿಗೆ ಬದಲಾಗಿದ್ದ ವಾಟ್ ಆ ವರ್ಷ ಸ್ಕೌಟ್ ಟೀಮ್‌ನ ಅತ್ಯುತ್ತಮ ಆಟಗಾರ ಎನಿಸಿಕೊಂಡರು. ವಿದ್ಯಾರ್ಥಿವೇತನವೂ ಸಿಕ್ಕಿತು. 2009ರಲ್ಲಿ ಮುಖ್ಯ ತಂಡದಲ್ಲಿ ಆಡಿದರು. 2010ರಲ್ಲಿ 62 ಟ್ಯಾಕಲ್, 7 ಸ್ಯಾಕ್ ಗಳಿಸಿದರು. ತಂಡ ರೋಸ್ ಬೌಲ್‌ಗೆ ಹೋಯಿತು.

2011ರಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್. ಲೀಗ್‌ನ 32 ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ ಇದು. ಅದಕ್ಕೂ ಮುನ್ನ ನಡೆಯುವ ದೈಹಿಕ ಪರೀಕ್ಷೆಯಲ್ಲಿ 290 ಪೌಂಡ್ ತೂಕದ ವಾಟ್ ನಿಂತಲ್ಲಿಂದ 37 ಇಂಚು ಮೇಲಕ್ಕೆ ಜಿಗಿದರು. 225 ಪೌಂಡ್ ಭಾರವನ್ನು ಮಲಗಿ 34 ಸಲ ಎತ್ತಿದರು. ಹ್ಯೂಸ್ಟನ್ ಟೆಕ್ಸನ್ಸ್ ತಂಡ ಅವರನ್ನು 11ನೆಯವರಾಗಿ ಆರಿಸಿತು. ಹ್ಯೂಸ್ಟನ್‌ನಲ್ಲಿ ನೆರೆದಿದ್ದ ಅಭಿಮಾನಿಗಳು ಈ ಆಯ್ಕೆ ಮೆಚ್ಚದೆ ಕೂಗಿ ಗೇಲಿ ಮಾಡಿದರು. ಅದೇ ಅಭಿಮಾನಿಗಳ ಎದುರು 2012ರ ಜನವರಿಯಲ್ಲಿ, ತಂಡದ ಇತಿಹಾಸದ ಮೊದಲ ಪ್ಲೇಆಫ್ ಪಂದ್ಯದಲ್ಲಿ, ಸಿನ್ಸಿನಾಟಿ ಎಸೆದ ಚೆಂಡನ್ನು ನಡುವೆಯೇ ಹಿಡಿದು ಓಡಿ ಟಚ್‌ಡೌನ್ ಗಳಿಸಿದರು. ಮುಂದೆ 2012, 2014, 2015ರಲ್ಲಿ ವರ್ಷದ ರಕ್ಷಣಾ ಆಟಗಾರ ಪ್ರಶಸ್ತಿ; 2012 ಮತ್ತು 2014ರಲ್ಲಿ ತಲಾ 20.5 ಸ್ಯಾಕ್, 2014ರಲ್ಲಿ ಆರು ವರ್ಷಕ್ಕೆ 10 ಕೋಟಿ ಡಾಲರ್ ಒಪ್ಪಂದ.

ಇಷ್ಟು ಕಥೆ. ಈಗ ಬಿಟ್ಟುಹೋದ ಭಾಗಕ್ಕೆ ಬರೋಣ.

ಮೊದಲನೆಯದು, ಅವರು ಹೋದ ಕಡೆ ಒಂದು ಬಾಗಿಲು ಇತ್ತು. ವಿಸ್ಕಾನ್ಸಿನ್‌ನಲ್ಲಿ ವಾಕ್-ಆನ್ ಹುಡುಗರನ್ನು ಬೆಳೆಸುವ ಪರಂಪರೆ 1990ರ ದಶಕದಿಂದಲೇ, ಕೋಚ್ ಬ್ಯಾರಿ ಆಲ್ವರೆಜ್ ಅವರ ಕಾಲದಿಂದಲೇ ಇದೆ. ಅಲ್ಲಿ ಹಾಗೆಯೇ ಸೇರಿದ ಜಿಮ್ ಲಿಯೊನ್‌ಹಾರ್ಡ್ ಮುಂದೆ ಹತ್ತು ಋತು ಎನ್‌ಎಫ್‌ಎಲ್‌ನಲ್ಲಿ ಆಡಿದರು. ಅಂದರೆ ವಾಟ್ ಕತ್ತಲೆಗೆ ಹಾರಲಿಲ್ಲ. ತನಗಿಂತ ಮುಂಚೆ ಅದೇ ದಾರಿಯಲ್ಲಿ ನಡೆದು ಗುರಿ ಮುಟ್ಟಿದವರು ಇದ್ದ ಜಾಗವನ್ನೇ ಆರಿಸಿಕೊಂಡರು. ಧೈರ್ಯಕ್ಕೂ ಹುಂಬತನಕ್ಕೂ ಇರುವ ವ್ಯತ್ಯಾಸ ಇದೇ.

ಎರಡನೆಯದು, ಮನೆ. ವಿದ್ಯಾರ್ಥಿವೇತನ ಹೋದ ಮೇಲೆ ಶುಲ್ಕದ ಭಾರ ಬಿದ್ದದ್ದು ಕುಟುಂಬದ ಮೇಲೆ. ಅಪ್ಪ ಅಮ್ಮ ಹೊತ್ತರು. ಹೊರುವ ಶಕ್ತಿ ಅವರಿಗೆ ಒಂದಿಷ್ಟಾದರೂ ಇತ್ತು. ಇದೇ ನಿರ್ಧಾರವನ್ನು ಮನೆಯಲ್ಲಿ ಸಾಲವಿರುವ, ತಂಗಿಯ ಓದು ಬಾಕಿಯಿರುವ ಹುಡುಗ ತೆಗೆದುಕೊಂಡರೆ ಅದರ ಬೆಲೆ ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಕನಸಿಗೆ ವಿರುದ್ಧವಲ್ಲ. ಹಾಸಿಗೆ ಎಷ್ಟುದ್ದ ಇದೆ ಎಂದು ಮೊದಲು ಅಳೆದು ನೋಡು ಎನ್ನುತ್ತದೆ, ಅಷ್ಟೆ.

ಮೂರನೆಯದು, ಅಳತೆ. ಒಂದು ವರ್ಷ ಪಂದ್ಯವಿಲ್ಲದೆ ಇದ್ದರೂ, ಪ್ರತಿದಿನದ ಅಭ್ಯಾಸದಲ್ಲಿ ತಾವು ಎಲ್ಲಿದ್ದೇವೆ ಎಂಬುದು ವಾಟ್‌ಗೆ ಗೊತ್ತಾಗುತ್ತಿತ್ತು. ಎದುರಿನ ಬಲಿಷ್ಠನನ್ನು ಇವತ್ತು ಎಷ್ಟು ಸಲ ದಾಟಿದೆ, ನಿನ್ನೆ ಎಷ್ಟು ಸಲ? ಉತ್ತರವನ್ನು ಕೋಚ್ ಹೇಳಬೇಕಿರಲಿಲ್ಲ. ನಮ್ಮಲ್ಲಿ ವರ್ಷಗಟ್ಟಲೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಅನೇಕರು. ಕೋಣೆಯ ಬಾಗಿಲು ಹಾಕಿಕೊಂಡು, ಅಳತೆಯೇ ಇಲ್ಲದೆ ಮೂರು ವರ್ಷ ಓದುವುದು ಶ್ರಮವೇ. ಆದರೆ ಅದು ಸ್ಕೌಟ್ ಟೀಮ್‌ನ ವರ್ಷದಂತಲ್ಲ. ತನಗಿಂತ ಚೆನ್ನಾಗಿ ಬರೆಯುವವರ ಜೊತೆ ಅಣಕು ಪರೀಕ್ಷೆ ಬರೆದು, ತಪ್ಪಿದ್ದೆಲ್ಲಿ ಎಂದು ತಿಂಗಳಿಗೊಮ್ಮೆ ನೋಡಿಕೊಳ್ಳುವವರದು ಮಾತ್ರ ಹಾಗೆ.

ನಾಲ್ಕನೆಯದು, ಸೋತವರು. ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಹುಡುಗರು ಹೈಸ್ಕೂಲು ಫುಟ್‌ಬಾಲ್ ಆಡುತ್ತಾರೆ. 2011ರ ಡ್ರಾಫ್ಟ್‌ನ ಏಳು ಸುತ್ತುಗಳಲ್ಲಿ ಆಯ್ಕೆಯಾದವರು 254 ಮಂದಿ. ವಾಟ್‌ನಷ್ಟೇ ಬೆವರು ಸುರಿಸಿದ, ಅಷ್ಟೇ ಬೇಗ ಎದ್ದು ಮೈದಾನಕ್ಕೆ ಬಂದ ಎಷ್ಟೋ ವಾಕ್-ಆನ್ ಹುಡುಗರು ಒಂದು ಪಂದ್ಯವನ್ನೂ ಆಡದೆ ಕಾಲೇಜು ಮುಗಿಸುತ್ತಾರೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಕೆಸರಾದ ಕೈಗಳೆಲ್ಲಕ್ಕೂ ಮೊಸರು ಸಿಗುವುದಿಲ್ಲ ಎಂಬುದನ್ನೂ ಜೊತೆಯಲ್ಲೇ ಹೇಳಬೇಕು. ಇಲ್ಲದಿದ್ದರೆ ಸಿಗದವನು ತಾನು ಸೋಮಾರಿ ಎಂದುಕೊಂಡು ಕೊರಗುತ್ತಾನೆ. ಅವನ ಮನೆಯವರೂ ಹಾಗೆಯೇ ಅಂದುಕೊಳ್ಳುತ್ತಾರೆ.

ಇನ್ನು ಗೆದ್ದ ಮೇಲಿನ ಬೆಲೆ. 2016ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಿಂದ ವಾಟ್ ಆಡಿದ್ದು ಮೂರೇ ಪಂದ್ಯ. 2017ರಲ್ಲಿ ಕಾಲು ಮುರಿಯಿತು. 2019ರಲ್ಲಿ ಎದೆಯ ಸ್ನಾಯು ಹರಿಯಿತು. ಅರಿಜೋನಾ ಕಾರ್ಡಿನಲ್ಸ್‌ಗೆ ಸೇರಿದ ಮೇಲೆ, 2022ರಲ್ಲಿ ಹೃದಯದ ಬಡಿತವೇ ತಾಳ ತಪ್ಪಿ ವೈದ್ಯರು ಶಾಕ್ ಕೊಟ್ಟು ಸರಿಪಡಿಸಬೇಕಾಯಿತು. ಆ ಋತುವಿನಲ್ಲೂ 12.5 ಸ್ಯಾಕ್ ಗಳಿಸಿ, ಒಟ್ಟು 114.5 ಸ್ಯಾಕ್‌ಗಳೊಂದಿಗೆ ನಿವೃತ್ತರಾದರು. ಆಗ ವಯಸ್ಸು ಇನ್ನೂ 33. ಕನಸಿನ ಕೆಲಸಕ್ಕೂ ಸಂಬಳ ಪಟ್ಟಿಯಲ್ಲಿ ಕಾಣದ ಕಡಿತಗಳಿರುತ್ತವೆ.

ಇಷ್ಟೆಲ್ಲ ಲೆಕ್ಕ ಹಾಕುತ್ತ ಕುಳಿತರೆ ಯಾರು ತಾನೇ ಹೊಸ ದಾರಿ ಹಿಡಿದಾರು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸೆಂಟ್ರಲ್ ಮಿಷಿಗನ್‌ನಲ್ಲೇ ಉಳಿದಿದ್ದರೆ ವಾಟ್ ಬಹುಶಃ ದಾಳಿ ಸಾಲಿನಲ್ಲಿ ನಿಂತು, ಓದು ಮುಗಿಸಿ ಊರಿಗೆ ಮರಳುತ್ತಿದ್ದರು. ಆದ್ದರಿಂದ ಬಿಡಬೇಡಿ ಎಂಬುದು ನನ್ನ ವಾದವಲ್ಲ. ಬಿಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ ಎಂಬುದು. ಹೋಗುವ ಕಡೆ ನನ್ನಂಥವರಿಗೆ ಬಾಗಿಲು ತೆರೆದದ್ದುಂಟೇ? ನಡುವಿನ ದಿನಗಳ ಖರ್ಚನ್ನು ಯಾರು ಹೊರುತ್ತಾರೆ, ಅವರನ್ನು ಕೇಳಿದ್ದೇನೆಯೇ? ಮುಂದೆ ಹೋಗುತ್ತಿದ್ದೇನೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ, ಎಷ್ಟು ದಿನದೊಳಗೆ? ಆಗದಿದ್ದರೆ ಕೈಯಲ್ಲಿ ಏನು ಉಳಿಯುತ್ತದೆ? ನಾಲ್ಕಕ್ಕೂ ಉತ್ತರವಿದ್ದವರು ಯಾರ ಕುಹಕಕ್ಕೂ ಅಂಜದೆ ಹೊರಡಲಿ. ಉತ್ತರವಿಲ್ಲದವರು ಹೇಡಿಗಳಲ್ಲ. ಅವರಿಗೆ ಇನ್ನಷ್ಟು ಸಿದ್ಧತೆ ಬೇಕಿದೆ.

ಜವಾಬ್ದಾರಿ ಹುಡುಗರದ್ದಷ್ಟೇ ಅಲ್ಲ. ಎರಡು ನಕ್ಷತ್ರದ ಅಂಕ ಕೊಟ್ಟವರ ಲೆಕ್ಕ ತಪ್ಪಿತ್ತು. ಆ ತಪ್ಪು ಸರಿಯಾದದ್ದು ವಾಟ್‌ರ ಛಲದಿಂದ ಮಾತ್ರವಲ್ಲ, ಅಂಕ ನೋಡದೆ ಅಭ್ಯಾಸಕ್ಕೆ ಬರಗೊಟ್ಟ ಒಂದು ಸಂಸ್ಥೆಯಿಂದ. ಹತ್ತನೇ ತರಗತಿಯ, ಪಿಯುಸಿಯ, ಪದವಿಯ ಶೇಕಡಾವಾರು ಅಂಕ ನೋಡಿ ಅರ್ಜಿ ಬದಿಗಿಡುವ ಕಂಪನಿಗಳು, ಒಂದು ವರ್ಷದ ಅಂತರ ಕಂಡರೆ ಹುಬ್ಬೇರಿಸುವ ಸಂದರ್ಶಕರು ಇದನ್ನು ಯೋಚಿಸಬೇಕು. ತಡವಾಗಿ ಅರಳುವವರಿಗೆ ಸಂಬಳವಿಲ್ಲದ ದುಡಿಮೆಯಲ್ಲ, ನಿಜವಾದ ಪರೀಕ್ಷೆಯ ಒಂದು ಅವಕಾಶ ಬೇಕು.

ವಾಟ್ ಇದನ್ನು ಮರೆತಂತಿಲ್ಲ. ಇನ್ನೂ ಕಾಲೇಜಿನಲ್ಲಿದ್ದಾಗ, 2010ರಲ್ಲೇ, ತಮ್ಮ ಹೆಸರಿನ ಪ್ರತಿಷ್ಠಾನ ಆರಂಭಿಸಿದರು. ಕ್ರೀಡೆಗೆ ಹಣವಿಲ್ಲದ ಶಾಲೆಗಳ ಮಕ್ಕಳಿಗೆ ಶಾಲೆ ಬಿಟ್ಟ ಮೇಲಿನ ಆಟಕ್ಕೆ ಅದು ನೆರವಾಗುತ್ತದೆ. 2017ರಲ್ಲಿ ಹಾರ್ವೆ ಚಂಡಮಾರುತ ಹ್ಯೂಸ್ಟನ್ ಅನ್ನು ಮುಳುಗಿಸಿದಾಗ ಎರಡು ಲಕ್ಷ ಡಾಲರ್ ಗುರಿಯಿಟ್ಟು ಆರಂಭಿಸಿದ ನಿಧಿಗೆ 3.7 ಕೋಟಿ ಡಾಲರ್‌ಗೂ ಹೆಚ್ಚು ಹಣ ಹರಿದುಬಂತು. ಬಾಗಿಲು ತೆರೆಸಿಕೊಂಡು ಒಳಗೆ ಹೋದವರು ಅದನ್ನು ಹಿಂದೆ ಬರುವವರಿಗಾಗಿ ತೆರೆದೇ ಇಡಬೇಕು. ನಮ್ಮಲ್ಲಿ ನಾಳೆ ಕೆಲಸ ಗಿಟ್ಟಿಸಿ, ಮುಂದೊಂದು ದಿನ ಸಂದರ್ಶಕರ ಕುರ್ಚಿಯಲ್ಲಿ ಕೂರುವವರು ನೆನಪಿಡಬೇಕಾದದ್ದು ಇದನ್ನೇ.