ನಮ್ಮ ಬೀದಿಯ ಸಭೆಗೆ ಯಾರು ಬರಬಹುದು?



ದೇವನಕೊಂಡ, ಆಸ್ಪರಿ, ಆಲೂರು ಕಡೆಯಿಂದ ಬೆಂಗಳೂರಿಗೆ ಬಂದು ಬಾಡಿಗೆ ಮನೆ ಹಿಡಿದವರು ನಮ್ಮಲ್ಲಿ ಬಹಳ ಜನ ಇದ್ದೀರಿ. ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ನೀವಿರುವ ಬಡಾವಣೆಯ ನಿವಾಸಿಗಳ ಸಂಘದ ಸಭೆಗೆ ಎಂದಾದರೂ ಹೋಗಿದ್ದೀರಾ? ನಾನು ಹೋಗಿದ್ದು ಒಂದೇ ಸಲ. ಅದೂ ನನ್ನನ್ನು ಕರೆದಿದ್ದರು ಅಂತಲ್ಲ. ಮನೆ ಓನರ್ ಊರಲ್ಲಿ ಇರಲಿಲ್ಲ, ಹೋಗಿ ಕೇಳಿಸಿಕೊಂಡು ಬಾ ಎಂದಿದ್ದರು.

ಅದು 2024ರ ಮಾರ್ಚ್. ಆ ಬೇಸಿಗೆ ನಿಮಗೆಲ್ಲ ನೆನಪಿರುತ್ತದೆ. ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಒಣಗಿವೆ ಎಂದು ಸರ್ಕಾರವೇ ಹೇಳಿತ್ತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ನಮ್ಮ ಬಡಾವಣೆಯ ಬೋರ್‌ವೆಲ್ ಕೂಡ ಕೈಕೊಟ್ಟಿತ್ತು.

ಸಭೆಯಲ್ಲಿ ಮೊದಲ ಒಂದು ಗಂಟೆ ಪಾರ್ಕಿಂಗ್, ಬೀದಿನಾಯಿ, ಖಾಲಿ ಸೈಟಿಗೆ ಕಸ ಎಸೆಯುವವರು, ಸಿಸಿಟಿವಿ, ಇವುಗಳಲ್ಲೇ ಕಳೆಯಿತು. ಆಮೇಲೆ ನೀರು. ಐದು ನಿಮಿಷದಲ್ಲಿ ತೀರ್ಮಾನ ಆಯಿತು. ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಮಾತ್ರ ನೀರು ಬಿಡುವುದು, ಮೂಲೆಯಲ್ಲಿರುವ ಸಾರ್ವಜನಿಕ ನಲ್ಲಿಯನ್ನು ಮುಚ್ಚುವುದು.

ಸಂಪು ಇರುವ ಮನೆಗಳಿಗೆ ಇದರಿಂದ ಏನೂ ಆಗುವುದಿಲ್ಲ. ತಾರಸಿ ಮೇಲಿನ ಒಂಟಿ ರೂಮಿನಲ್ಲಿ ಇರುವವರಿಗೆ ಆಗುತ್ತದೆ. ಮೂಲೆಯ ನಲ್ಲಿಯನ್ನೇ ನಂಬಿದ್ದವರು ಮನೆ ಕಟ್ಟುವ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಇದ್ದ ನಾಲ್ಕು ಕುಟುಂಬಗಳು. ನಾನು ಎದ್ದು ಆ ಮಾತು ತೆಗೆದೆ. "ತಮ್ಮಾ, ಇದು ಓನರ್ಸ್ ಮೀಟಿಂಗ್. ನಿಮ್ಮ ಓನರ್ ಬಂದ ಮೇಲೆ ಮಾತಾಡೋಣ" ಎಂದರು. ಬೈದು ಹೇಳಲಿಲ್ಲ, ನಗುತ್ತಲೇ ಹೇಳಿದರು. ನಾನು ಕೂತೆ.

ಮರುದಿನ ನಮ್ಮ ಬೀದಿಯಲ್ಲಿ ಆರು ಮನೆಯ ಪಾತ್ರೆ ತೊಳೆಯುವ ಅಕ್ಕನಿಗೆ ಇದನ್ನು ಹೇಳಿದೆ. ಆಕೆಯೂ ನಮ್ಮ ಕಡೆಯವಳೇ. "ಅಯ್ಯೋ, ದಿನಾ ಬೆಳಿಗ್ಗೆ ಮೂರು ಮನಿ ಟ್ಯಾಂಕು ತುಂಬಿ ಸುರೀತಾವಪ್ಪ. ನನ್ನ ಕೇಳಿದ್ರ ನಾನೇ ಹೇಳ್ತಿದ್ನಲ್ಲ" ಎಂದಳು. ಯಾವ ಮೂರು ಮನೆ ಅಂತಲೂ ಹೇಳಿದಳು. ಒಬ್ಬ ಓನರಿಗೆ ಪಕ್ಕದ ಮನೆಯ ತಾರಸಿ ಕಾಣುವುದಿಲ್ಲ. ಆರು ಮನೆಯ ಹಿತ್ತಲಲ್ಲಿ ನಿಂತು ಕೆಲಸ ಮಾಡುವ ಆಕೆಗೆ ಎಲ್ಲ ಕಾಣುತ್ತದೆ. ಸಂಘದ ಕಾರ್ಯದರ್ಶಿಗೆ ತಿಳಿಸಿದೆ. ಒಂದೇ ವಾರದಲ್ಲಿ ಮೂರೂ ಟ್ಯಾಂಕಿಗೆ ಫ್ಲೋಟ್ ವಾಲ್ವ್ ಹಾಕಿಸಿದರು, ಸುರಿಯುವುದು ನಿಂತಿತು. ಮೂಲೆಯ ನಲ್ಲಿ ಮಾತ್ರ ಮಳೆಗಾಲದವರೆಗೂ ತೆರೆಯಲಿಲ್ಲ. ಶೆಡ್ಡಿನ ಎರಡು ಕುಟುಂಬಗಳು ಯುಗಾದಿಗೆಂದು ಊರಿಗೆ ಹೋದವು, ತಿರುಗಿ ಬರಲಿಲ್ಲ. ಆ ದಿನ ಇನ್ನೊಂದು ಸಲ ಎದ್ದು ನಿಂತು ಕೇಳಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಸಂಘದವರನ್ನು ಕೆಟ್ಟವರು ಎನ್ನಲು ನಾನು ಇದನ್ನು ಬರೆಯುತ್ತಿಲ್ಲ. ಸಂಬಳವಿಲ್ಲದೆ, ಕೆಲಸ ಮುಗಿಸಿ ಬಂದು, ಬೀದಿದೀಪಕ್ಕೂ ಚರಂಡಿಗೂ ಇಂಜಿನಿಯರ್ ಹಿಂದೆ ಅಲೆಯುವವರು ಅವರೇ. ಅವರು ಚರ್ಚಿಸುವ ವಿಷಯಗಳೂ ಸುಳ್ಳಲ್ಲ. ನಾಯಿ ಕಚ್ಚಿದರೆ ಎಲ್ಲರಿಗೂ ನೋವೇ. ಆದರೆ ಯಾರು ಕೂತಿದ್ದಾರೋ ಅವರ ಕಷ್ಟವೇ ಬೀದಿಯ ಕಷ್ಟ ಎನಿಸಿಕೊಳ್ಳುತ್ತದೆ. ಪಾರ್ಕಿಂಗಿಗೆ ಅರ್ಧ ಗಂಟೆ, ನೀರಿಗೆ ಐದು ನಿಮಿಷ ಆಗಿದ್ದು ಅದಕ್ಕೇ.

ಇದು ಒಂದು ಬೀದಿಯ ಸಣ್ಣ ಮಾತು ಎಂದುಕೊಳ್ಳಬೇಡಿ. ಬೆಂಗಳೂರಿನ ವಾರ್ಡ್ ಸಮಿತಿ ಕಾನೂನಿನಲ್ಲಿ ನಾಮನಿರ್ದೇಶಿತ ಹತ್ತು ಸದಸ್ಯರ ಪೈಕಿ ಎರಡು ಸ್ಥಾನ ನಿವಾಸಿಗಳ ಸಂಘಗಳಿಗೆ ಎಂದು ಇಟ್ಟಿದ್ದರು. ಸಂಘದಲ್ಲಿ ಓನರ್‌ಗಳು ಮಾತ್ರ ಇದ್ದರೆ ಆ ಎರಡು ಕುರ್ಚಿಯಲ್ಲೂ ಅವರೇ ಕೂರುತ್ತಾರೆ. ಇನ್ನೊಂದು ಸಂಗತಿಯನ್ನೂ ನೋಡಿ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕಾರ್ಪೊರೇಟರ್ ಇದ್ದಾಗ ಬಾಡಿಗೆಯವನೂ ಅವರ ಮನೆ ಬಾಗಿಲಿಗೆ ಹೋಗಬಹುದಿತ್ತು, ಅವನಿಗೂ ಒಂದು ವೋಟಿತ್ತು. ಕಾರ್ಪೊರೇಟರ್ ಇಲ್ಲದ ಮೇಲೆ ಅಧಿಕಾರಿಗಳು ಫೋನ್ ಎತ್ತುವುದು ಸಂಘದ ಕಾರ್ಯದರ್ಶಿಗೆ.

ಇದಕ್ಕೆ ಓನರ್‌ಗಳ ಕಡೆಯಿಂದ ಬರುವ ಉತ್ತರವೂ ಇದೆ. ಮನೆ ನಮ್ಮದು, ಸಾಲ ನಮ್ಮದು, ಬಾಡಿಗೆಯವರು ಹನ್ನೊಂದು ತಿಂಗಳ ಕರಾರು ಮುಗಿದರೆ ಹೋಗುತ್ತಾರೆ, ಅವರಿಗೇಕೆ ಮಾತು? ಅರ್ಧ ನಿಜ. ಕಟ್ಟಡಕ್ಕೆ ಬಣ್ಣ ಬಳಿಯುವುದು, ಲಿಫ್ಟ್ ಹಾಕಿಸುವುದು, ರಿಪೇರಿ ನಿಧಿ, ಇವುಗಳಲ್ಲಿ ಓನರ್‌ಗಳೇ ವೋಟು ಹಾಕಲಿ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇರುವುದೂ ಮಾಲೀಕರ ಸಂಘಕ್ಕಾಗಿಯೇ. ಆದರೆ ನೀರು, ಕಸ, ಬೀದಿದೀಪ, ನಾಯಿ, ಭದ್ರತೆ, ಇವು ಆಸ್ತಿಯ ವಿಷಯಗಳಲ್ಲ, ದಿನದಿನದ ಬದುಕಿನ ವಿಷಯಗಳು. ಮೇಂಟೆನೆನ್ಸ್ ದುಡ್ಡು ಬಹಳ ಕಡೆ ಬಾಡಿಗೆಯವರ ಜೇಬಿನಿಂದಲೇ ಹೋಗುತ್ತದೆ. ಹಸಿ ಕಸ ಒಣ ಕಸ ಬೇರೆ ಮಾಡುವವಳು ಹೆಚ್ಚಿನ ಮನೆಗಳಲ್ಲಿ ಕೆಲಸದ ಹೆಣ್ಣುಮಗಳು. ಅವಳಿಗೆ ಹೇಳದೆ ಕಸ ವಿಂಗಡಣೆಯ ನಿಯಮ ಮಾಡಿದರೆ ಅದು ನೋಟಿಸ್ ಬೋರ್ಡಿನಲ್ಲೇ ಉಳಿಯುತ್ತದೆ. ಸಭೆಗೆ ಕರೆದು ಅವಳ ಮಾತು ಕೇಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಈಗ ನಮ್ಮ ಊರಿನ ಕಡೆ ನೋಡೋಣ. ದೇವನಕೊಂಡದಂಥ ಹಳ್ಳಿಯಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಇದು ಸಂವಿಧಾನದಲ್ಲೇ ಬರೆದಿರುವ ಮಾತು. ಹೊಲ ಇದ್ದವರು, ಕೂಲಿಗೆ ಹೋಗುವವರು ಎಂಬ ಭೇದ ಅಲ್ಲಿಲ್ಲ. 2024ರ ಆಗಸ್ಟ್ 23ರಂದು ಆಂಧ್ರದ 13,326 ಪಂಚಾಯಿತಿಗಳಲ್ಲಿ ಒಂದೇ ದಿನ ಗ್ರಾಮಸಭೆ ನಡೆಯಿತು. ಉದ್ಯೋಗ ಖಾತರಿಯಲ್ಲಿ ಯಾವ ಕೆಲಸ ಮಾಡಿಸಬೇಕು ಎಂಬುದೇ ಅಲ್ಲಿ ಮುಖ್ಯ ವಿಷಯ. ಆ ದಿನ ನಮ್ಮ ಯುವಕರಲ್ಲಿ ಎಷ್ಟು ಜನ ಹೋಗಿದ್ದರು? ನಾನಂತೂ ಬೆಂಗಳೂರಲ್ಲೇ ಇದ್ದೆ, ರಜೆ ಕೇಳಲೂ ಇಲ್ಲ.

ಜನ ಒಟ್ಟಾಗಿ ಮಾತಾಡಿದರೆ ಏನಾಗುತ್ತದೆ ಎಂಬುದನ್ನು ಅದೇ ವರ್ಷ ನಮ್ಮ ಮಂಡಲದಲ್ಲೇ ಕಂಡೆವು. ಕಪ್ಪಟ್ರಾಳ್ಳ ಮೀಸಲು ಅರಣ್ಯದಲ್ಲಿ ಯುರೇನಿಯಂ ಹುಡುಕಲು 68 ಬೋರ್ ಕೊರೆಯುವ ಸುದ್ದಿ ಬಂದಾಗ ಸುತ್ತಲಿನ ಹಳ್ಳಿಗಳ ಜನ ರಸ್ತೆಗೆ ಬಂದು ಕೂತರು. ನೀರು, ಹೊಲ, ದನಕರು ಏನಾಗಬೇಕು ಎಂದು ಕೇಳಿದರು. ನವೆಂಬರ್ ಹೊತ್ತಿಗೆ ಸರ್ಕಾರ ಹಿಂದೆ ಸರಿಯಿತು, ಬೋರ್ ಕೊರೆಯುವುದಿಲ್ಲ ಎಂದು ಹೇಳಿತು. ಅಲ್ಲಿ ಕೂತವರನ್ನು ಯಾರೂ "ನೀವು ಓನರೋ, ಬಾಡಿಗೆಯವರೋ" ಎಂದು ಕೇಳಲಿಲ್ಲ.

ಹಳ್ಳಿಗೂ ಮಹಾನಗರಕ್ಕೂ ನಡುವೆ ಆದೋನಿಯಂಥ ಪಟ್ಟಣಗಳಿವೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ನಗರಗಳಿಗೆ ಮಾತ್ರ ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದೆ. 2011ರ ಜನಗಣತಿಯಲ್ಲಿ ಆದೋನಿಯಲ್ಲಿ ಇದ್ದವರು ಎರಡು ಲಕ್ಷಕ್ಕಿಂತ ಕಡಿಮೆ. ಹಳ್ಳಿಗಿರುವ ಗ್ರಾಮಸಭೆ ಅಲ್ಲಿಲ್ಲ, ಮಹಾನಗರಕ್ಕೆ ಕಡ್ಡಾಯವಾದ ಸಮಿತಿಯ ಭರವಸೆಯೂ ಇಲ್ಲ. ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತ ಕಾಲೊನಿಯಲ್ಲಿ ಬಾಡಿಗೆಗೆ ಇರುವವನಿಗೆ ತನ್ನ ಬೀದಿಯ ನಲ್ಲಿಯ ಬಗ್ಗೆ ಕೂತು ಮಾತಾಡಲು ಹತ್ತಿರದಲ್ಲಿ ಇರುವುದು ಕಾಲೊನಿಯ ಸಂಘ ಒಂದೇ. ಅದೂ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಅವನು ಎಲ್ಲಿಗೆ ಹೋಗಬೇಕು?

ಆದ್ದರಿಂದ ನಾವು ಮಾಡಬಹುದಾದ ಎರಡು ಕೆಲಸ ಹೇಳುತ್ತೇನೆ. ಬಾಡಿಗೆಗೆ ಇರುವವರು ನಿಮ್ಮ ಸಂಘದ ಕಾರ್ಯದರ್ಶಿಗೆ ಒಂದು ಪತ್ರ ಬರೆಯಿರಿ. ನೀರು, ಕಸ, ದೀಪದ ವಿಷಯ ಬಂದಾಗ ಅಲ್ಲಿ ವಾಸಿಸುವ ಎಲ್ಲರನ್ನೂ, ಅಲ್ಲಿ ಕೆಲಸ ಮಾಡುವವರನ್ನೂ ಕರೆಯಿರಿ ಎಂದು ಕೇಳಿ. ಸಭೆಯನ್ನು ಭಾನುವಾರ ಸಂಜೆ ಇಡಿ ಎನ್ನಿ, ಮನೆಕೆಲಸದವರಿಗೆ ಬಿಡುವು ಸಿಗುವುದು ಆಗಲೇ. ಎರಡನೆಯದು, ಊರಿನಲ್ಲಿ ಇನ್ನೂ ನಿಮ್ಮ ವೋಟು ಇದ್ದರೆ, ಮುಂದಿನ ಗ್ರಾಮಸಭೆ ಯಾವಾಗ ಎಂದು ಮನೆಯವರಿಗೆ ಫೋನ್ ಮಾಡಿ ವಿಚಾರಿಸಿ, ಆಗುವುದಾದರೆ ಹೋಗಿ. ನಿಮಗೆ ಆಗದಿದ್ದರೆ ಅವ್ವನಾದರೂ ಹೋಗಲಿ. ಅವ್ವನ ಹೆಸರೂ ಪಟ್ಟಿಯಲ್ಲಿದೆ.

ನನ್ನ ಪತ್ರವನ್ನು ಹೋದ ವಾರ ಕೊಟ್ಟೆ. ಕಾರ್ಯದರ್ಶಿ ಓದಿ, "ನೋಡೋಣ, ಕಮಿಟಿಯಲ್ಲಿ ಇಡ್ತೀನಿ" ಎಂದರು. ಅಕ್ಕನಿಗೂ ಹೇಳಿದ್ದೇನೆ. "ಕರೆದ್ರ ಬರ್ತೀನಪ್ಪ, ಆದ್ರ ಕುರ್ಚಿ ಮ್ಯಾಲ ಕೂಡ್ರಸ್ತಾರೇನು?" ಎಂದು ಕೇಳಿದಳು. ಕಮಿಟಿಯವರು ಒಪ್ಪಿದರೆ ನಾನೇ ಅವಳಿಗೊಂದು ಕುರ್ಚಿ ಹಾಕುತ್ತೇನೆ. ನಿಮ್ಮ ಬೀದಿಯಲ್ಲಿ ಹೇಗಿದೆ, ಬರೆದು ತಿಳಿಸಿ.