ಮೂರು ತಿಂಗಳ ಡಯಟ್, ಮೂವತ್ತು ವರ್ಷದ ಊಟ

ಜನವರಿ ಬಂತು ಅಂದ್ರೆ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಕಡೆಯ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಅನ್ನಕ್ಕೆ ಕೆಟ್ಟ ಕಾಲ ಶುರುವಾಗುತ್ತೆ. ಒಬ್ಬರದು ಕೀಟೋ, ಇನ್ನೊಬ್ಬರದು ಹದಿನಾರು ಗಂಟೆ ಉಪವಾಸ, ಮತ್ತೊಬ್ಬರದು ಹಸಿರು ಜ್ಯೂಸ್. "ಅನ್ನ ಬಿಟ್ಟೆ, ಒಂದೇ ವಾರಕ್ಕೆ ಎರಡು ಕೆಜಿ ಇಳಿದೆ" ಅಂತ ಯಾರಾದರೂ ಬರೆದರೆ ಸಾಕು, ಹತ್ತು ಜನ "ಹೇಗೆ ಮಾಡಿದ್ರಿ?" ಅಂತ ಕೇಳ್ತಾರೆ. ಇವತ್ತು ಇದರ ಬಗ್ಗೆ ನನ್ನ ಅಭಿಪ್ರಾಯ. ಜೀವಶಾಸ್ತ್ರ ಸಂಶೋಧನೆ ನನ್ನ ಕೆಲಸ, ವೈದ್ಯವೃತ್ತಿ ಅಲ್ಲ. ಅದು ನೆನಪಿರಲಿ.

ಮೊದಲು ಆ ಎರಡು ಕೆಜಿ ಎಲ್ಲಿಗೆ ಹೋಯ್ತು ನೋಡೋಣ. ನಾವು ತಿನ್ನುವ ಪಿಷ್ಟದಲ್ಲಿ ಸ್ವಲ್ಪ ಭಾಗವನ್ನು ದೇಹ ಗ್ಲೈಕೋಜನ್ ರೂಪದಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಡುತ್ತೆ. ವಯಸ್ಕರಲ್ಲಿ ಇದು ಸುಮಾರು ಅರ್ಧ ಕೆಜಿ. ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತೆ. ಅನ್ನ, ಚಪಾತಿ ಎರಡನ್ನೂ ಬಿಟ್ಟಾಗ ದೇಹ ಮೊದಲು ಈ ದಾಸ್ತಾನಿಗೆ ಕೈ ಹಾಕುತ್ತೆ, ಜೊತೆಗೆ ನೀರೂ ಹೋಗುತ್ತೆ. ತಕ್ಕಡಿ ಸುಳ್ಳು ಹೇಳ್ತಿಲ್ಲ, ಆದರೆ ಇಳಿದದ್ದರಲ್ಲಿ ಕೊಬ್ಬು ಕಡಿಮೆ, ನೀರು ಜಾಸ್ತಿ. ಎರಡು ದಿನ ಬಿಸಿಬೇಳೆಬಾತ್ ತಿಂದರೆ ಅದು ವಾಪಸ್.

ಹಾಗಾದ್ರೆ ಉಪವಾಸ? ಇದಕ್ಕೆ ಮ್ಯಾಂಚೆಸ್ಟರ್‌ನಲ್ಲೇ ಒಂದು ಒಳ್ಳೆಯ ಉತ್ತರ ಇದೆ. ವಿದೆನ್‌ಶಾ ಆಸ್ಪತ್ರೆಯ ಸ್ತನ ಕ್ಯಾನ್ಸರ್ ತಡೆ ಕೇಂದ್ರದ ಮಿಶೆಲ್ ಹಾರ್ವಿ, ಟೋನಿ ಹೋವೆಲ್ ಮತ್ತು ಸಂಗಡಿಗರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತೂಕ ಹೆಚ್ಚಿದ್ದ 107 ಮಹಿಳೆಯರು. ಒಂದು ಗುಂಪಿಗೆ ವಾರದಲ್ಲಿ ಎರಡೇ ದಿನ ತೀರಾ ಕಡಿಮೆ ಊಟ, ಇನ್ನೊಂದು ಗುಂಪಿಗೆ ಪ್ರತಿದಿನ ಸ್ವಲ್ಪ ಸ್ವಲ್ಪ ಕಡಿತ. ವಾರದ ಒಟ್ಟು ಕಡಿತ ಮಾತ್ರ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಆರು ತಿಂಗಳಾದ ಮೇಲೆ ಸರಾಸರಿ ಇಳಿಕೆ ಮೊದಲ ಗುಂಪಿನಲ್ಲಿ 6.4 ಕೆಜಿ, ಎರಡನೆಯದರಲ್ಲಿ 5.6 ಕೆಜಿ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ವ್ಯತ್ಯಾಸವೇ ಅಲ್ಲ. ಇನ್ಸುಲಿನ್ ವಿಷಯದಲ್ಲಿ ಎರಡು ದಿನದವರಿಗೆ ತುಸು ಮೇಲುಗೈ ಇತ್ತು, ಅಷ್ಟೇ. ಮರುವರ್ಷ ಮೈಕೆಲ್ ಮೋಸ್ಲಿ ಅವರ ಬಿಬಿಸಿ ಕಾರ್ಯಕ್ರಮ ಬಂದು, ವಾರಕ್ಕೆರಡು ದಿನದ ಉಪವಾಸ ಈ ದೇಶದಲ್ಲಿ ಮನೆಮಾತಾಯ್ತು. ಆದರೆ ಪವಾಡ ಉಪವಾಸದಲ್ಲಿಲ್ಲ. ಏಕಾದಶಿ ಮಾಡಿ ಅಭ್ಯಾಸ ಇರೋರಿಗೆ ಅದು ಸುಲಭ ಅನ್ನಿಸಿದರೆ ಮಾಡಲಿ. ಹಸಿವಾದರೆ ಮನೆಯವರ ಮೇಲೆ ರೇಗುವವರು ದಿನಾ ಸ್ವಲ್ಪ ಕಡಿಮೆ ತಿನ್ನಲಿ.

ಬರೀ ಸೊಂಟದ ಸುತ್ತಳತೆ ವಿಷಯ ಆಗಿದ್ರೆ ನಾನು ಇಷ್ಟು ಮಾತಾಡ್ತಾ ಇರಲಿಲ್ಲ. ದಕ್ಷಿಣ ಏಷ್ಯಾ ಮೂಲದವರಿಗೆ ಟೈಪ್ 2 ಮಧುಮೇಹ ಕಡಿಮೆ ತೂಕದಲ್ಲೇ, ಚಿಕ್ಕ ವಯಸ್ಸಿಗೇ ಬರುತ್ತೆ. ಹಾಗಾಗಿಯೇ ಬ್ರಿಟನ್ನಿನ ಮಾರ್ಗಸೂಚಿ ನಮಗೆ ಬಿಎಂಐ 23ಕ್ಕೇ ಎಚ್ಚರಿಕೆ ಕೊಡುತ್ತೆ. ಬಿಳಿಯರಿಗೆ ಅದು 25. ಅಂದ್ರೆ ಊಟ ಬದಲಿಸುವ ಅಗತ್ಯ ನಮ್ಮಲ್ಲಿ ಹಲವರಿಗೆ ನಿಜವಾಗಿಯೂ ಇದೆ. ಅದಕ್ಕೇ ಫ್ಯಾಡ್ ಡಯಟ್ ಮೇಲೆ ನನಗೆ ಸಿಟ್ಟು. ಅದು ನಿಜವಾದ ಭಯವನ್ನು ಬಳಸಿಕೊಂಡು ಮೂರು ತಿಂಗಳ ಉತ್ಸಾಹ ಮಾರುತ್ತೆ.

"ಕಠಿಣವಾಗಿದ್ದರೆ ಅದು ಫ್ಯಾಡ್" ಅಂತಲೂ ಅಲ್ಲ. ನ್ಯೂಕ್ಯಾಸಲ್‌ನ ರಾಯ್ ಟೇಲರ್, ಗ್ಲಾಸ್ಗೋದ ಮೈಕ್ ಲೀನ್ ಅವರ ಡೈರೆಕ್ಟ್ ಅಧ್ಯಯನದಲ್ಲಿ ಟೈಪ್ 2 ಮಧುಮೇಹ ಇದ್ದವರು ಮೂರರಿಂದ ಐದು ತಿಂಗಳು ಬರೀ ಸೂಪು, ಶೇಕ್ ಕುಡಿದರು. ದಿನಕ್ಕೆ ಸುಮಾರು 850 ಕ್ಯಾಲೊರಿ! ಒಂದು ವರ್ಷದ ಬಳಿಕ ಅವರಲ್ಲಿ 46% ಜನರ ಸಕ್ಕರೆ ಮಾತ್ರೆಯಿಲ್ಲದೆ ಹತೋಟಿಗೆ ಬಂದಿತ್ತು. ಎರಡನೇ ವರ್ಷಕ್ಕೆ ಇದು 36% ಆಯ್ತು. ಈ ಬಗೆಯ ಕಾರ್ಯಕ್ರಮವನ್ನು ಇಂಗ್ಲೆಂಡಿನ ಎನ್‌ಎಚ್‌ಎಸ್ 2020ರಿಂದ ಕೊಡ್ತಾ ಇದೆ. ಕೀಟೋಗಿಂತ ಇದೇ ಕಠಿಣ. ಆದರೂ ಇದು ಫ್ಯಾಡ್ ಅಲ್ಲ. ಯಾಕೆ?

ನಾನು ಕೇಳುವ ಪ್ರಶ್ನೆಗಳು ಮೂರು. ಒಂದು, ಇದನ್ನು ಇನ್ನೊಂದು ಗುಂಪಿನ ಜೊತೆ ಹೋಲಿಸಿ ಪರೀಕ್ಷೆ ಮಾಡಿದ್ದಾರಾ, ಅಥವಾ ಬರೀ ಮೊದಲು-ಆಮೇಲೆ ಫೋಟೋನಾ? ಎರಡು, ಔಷಧಿ ಲೆಕ್ಕ ನೋಡೋಕೆ ಯಾರಿದ್ದಾರೆ? ಡೈರೆಕ್ಟ್‌ನಲ್ಲಿ ಮಧುಮೇಹದ ಮಾತ್ರೆಗಳನ್ನು ಮೊದಲ ದಿನವೇ ವೈದ್ಯಕೀಯ ನಿಗಾದಲ್ಲಿ ನಿಲ್ಲಿಸಿದರು. ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ತಗೊಳ್ಳುವವರು ಯಾರಿಗೂ ಹೇಳದೆ ಉಪವಾಸ ಶುರು ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ದಯವಿಟ್ಟು ಮೊದಲು ನಿಮ್ಮ ಜಿಪಿ ಹತ್ತಿರ ಮಾತಾಡಿ. ಮೂರು, ಇದು ಮುಗಿದ ಮಾರನೇ ದಿನ ನಾನು ಏನು ತಿಂತೀನಿ? ಫ್ಯಾಡ್ ಡಯಟ್ ಎಡವೋದು ಸಾಮಾನ್ಯವಾಗಿ ಇಲ್ಲೇ. ಎನ್‌ಎಚ್‌ಎಸ್ ಕಾರ್ಯಕ್ರಮದಲ್ಲಿ ಸೂಪು ಮೂರೇ ತಿಂಗಳು. ಉಳಿದ ಒಂಬತ್ತು ತಿಂಗಳು ಮಾಮೂಲಿ ಊಟಕ್ಕೆ ಮರಳುವುದನ್ನು, ಇಳಿದ ತೂಕ ಉಳಿಸಿಕೊಳ್ಳುವುದನ್ನು ಕಲಿಸ್ತಾರೆ. 46 ಇದ್ದದ್ದು 36 ಆಗಿದೆ ಅಂದ್ರೆ, ಅಷ್ಟೆಲ್ಲಾ ಬೆಂಬಲ ಇದ್ದೂ ಉಳಿಸಿಕೊಳ್ಳೋದು ಎಷ್ಟು ಕಷ್ಟ ನೋಡಿ.

ಆದ್ದರಿಂದ ಮಾರನೇ ದಿನದ ಊಟದಿಂದಲೇ ಶುರು ಮಾಡೋಣ ಅಂತೀನಿ. ಅನ್ನ ಬಿಡಬೇಡಿ, ಬಡಿಸುವ ಕ್ರಮ ಬದಲಿಸಿ. ಮೊದಲು ಪಲ್ಯ, ಕೋಸಂಬರಿ, ಗಟ್ಟಿ ಹುಳಿ ಹಾಕಿಕೊಂಡು ಉಳಿದ ಜಾಗಕ್ಕೆ ಅನ್ನ. ಇಲ್ಲಿನ ಎಲೆಕೋಸು, ಫ್ರೋಜನ್ ಪಾಲಕ್, ಡಬ್ಬದ ಕಡಲೆಕಾಳು ಎಲ್ಲವೂ ಹುಳಿಗೆ ಒಗ್ಗುತ್ತೆ. ರಾಗಿಯನ್ನೂ ದೇವರು ಮಾಡಬೇಡಿ. ಅದರಲ್ಲಿ ಕ್ಯಾಲ್ಸಿಯಂ ಇದೆ, ನಾರು ಇದೆ, ನಿಜ. ಆದರೆ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವೂ ಇದೆ. ಮುದ್ದೆಯ ಗಾತ್ರವೂ ಲೆಕ್ಕಕ್ಕೆ ಬರುತ್ತೆ. ಕೆಲಸದಿಂದ ಬಂದು, ನಾಲ್ಕು ಗಂಟೆಗೇ ಕತ್ತಲಾಗುವ ಡಿಸೆಂಬರ್‌ನಲ್ಲಿ ಕ್ರಿಸ್ಪ್ಸ್ ಪ್ಯಾಕೆಟ್ಟಿಗೆ ಕೈ ಹೋಗುತ್ತಲ್ಲ, ಆ ಹೊತ್ತಿಗೆ ಒಂದು ಬಟ್ಟಲು ಉಸಲಿ ಸಿದ್ಧ ಇರಲಿ. ಒಂದು ಬದಲಾವಣೆ ಅಭ್ಯಾಸ ಆದಮೇಲೆ ಇನ್ನೊಂದು.

ಇದರಲ್ಲಿ ವಾಟ್ಸಾಪಿಗೆ ಹಾಕುವಂಥ ಸುದ್ದಿ ಏನೂ ಇಲ್ಲ, ಗೊತ್ತು. ಆದರೆ ಮುಂದಿನ ಜನವರಿಯಲ್ಲೂ, ಅದರ ಮುಂದಿನ ಜನವರಿಯಲ್ಲೂ ಇದನ್ನೇ ತಿನ್ನೋಕೆ ನಿಮಗೆ ಬೇಜಾರಾಗಲ್ಲ ಅಂದ್ರೆ, ಅದೇ ನಿಮ್ಮ ಡಯಟ್.